ಮನೆಯ ಇಲಿಗೆ ವಿಷವೇ ಮದ್ದಲ್ಲ

ಸುಗ್ಗಿ ಮುಗಿದು ರಾಶಿ ಕಣದಿಂದ ಮನೆಗೆ ಬರುವ ಹೊತ್ತಿಗೆ ಇಲಿಯೂ ಅದರ ಹಿಂದೆಯೇ ಬರುತ್ತದೆ. ಪೈರು ಕೊಯ್ದ ಹೊಲದಲ್ಲಿ ಅದಕ್ಕೆ ತಿನ್ನಲು ಕಾಳಿಲ್ಲ, ಅಡಗಲು ಮರೆಯಿಲ್ಲ. ಮನೆಯಲ್ಲಾದರೋ ಎರಡೂ ಉಂಟು. ಅಟ್ಟದ ಮೇಲೆ ಸರಸರ ಸದ್ದು ಕೇಳಿಸಿದ ನಾಲ್ಕಾರು ದಿನಗಳಲ್ಲಿ ಯಜಮಾನರು ಪೇಟೆಗೆ ಹೋಗಿ ಇಲಿ ಪಾಷಾಣ ತರುವುದು ನಮ್ಮ ಹಳ್ಳಿಗಳಲ್ಲಿ ವರ್ಷವೂ ನಡೆಯುವ ಸಂಗತಿ. ಅದರಿಂದ ಇಲಿ ಸಾಯುತ್ತದೆ, ನಿಜ. ಕಡಿಮೆಯಾಗುತ್ತದೆಯೇ ಎಂಬುದೇ ಪ್ರಶ್ನೆ.

ಈ ಲೇಖಕನೂ ಒಮ್ಮೆ ಅದೇ ಕೆಲಸ ಮಾಡಿದ್ದುಂಟು. ಊರಿನ ಹಳೆಯ ಹೆಂಚಿನ ಮನೆಯ ಅಟ್ಟದಲ್ಲಿ ವಿಷದ ಬಿಲ್ಲೆಗಳನ್ನು ಇಟ್ಟದ್ದಾಯಿತು. ಐದನೆಯ ದಿನಕ್ಕೆ ಸದ್ದು ನಿಂತಿತು. ಏಳನೆಯ ದಿನ ಮನೆಯಲ್ಲಿ ಊಟ ಮಾಡಲಾಗದಷ್ಟು ನಾತ. ಹೆಂಚು ತೆಗೆಸಿ ನೋಡಿದರೆ ಗೋಡೆಯ ಸಂದಿನಲ್ಲಿ ಮೂರು ಇಲಿಗಳು ಕೊಳೆತಿದ್ದವು. ಅದೇ ವಾರ ಕೊಟ್ಟಿಗೆಯ ಹಿಂದಿನ ಹುಣಸೆ ಮರದ ಪೊಟರೆಯಲ್ಲಿ ಬಹುಕಾಲದಿಂದ ಇದ್ದ ಗೂಬೆಯೊಂದು ಮರದ ಬುಡದಲ್ಲಿ ಸತ್ತು ಬಿದ್ದಿತ್ತು. ಅದು ನಮ್ಮ ಇಲಿಯನ್ನು ತಿಂದೇ ಸತ್ತಿತೆಂದು ಪ್ರಮಾಣ ಮಾಡಿ ಹೇಳಲಾರೆ; ಹಾಗೆ ಸತ್ತಿರಬಹುದೆಂಬುದಕ್ಕೆ ಕಾರಣ ಮುಂದೆ ಬರುತ್ತದೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಅಟ್ಟದ ಮೇಲೆ ಮತ್ತೆ ಸದ್ದು ಶುರುವಾಯಿತು. ಮರದಲ್ಲಿ ಗೂಬೆ ಮಾತ್ರ ಇರಲಿಲ್ಲ.

ಕೊಂದಷ್ಟೂ ಏಕೆ ಬರುತ್ತವೆ?

ಹೆಣ್ಣಿಲಿಯ ಗರ್ಭದ ಅವಧಿ ಸುಮಾರು ಮೂರು ವಾರ. ಒಂದು ಸೂಲಿಗೆ 5 ರಿಂದ 8 ಮರಿ. ಮರಿಗಳು ಮೂರು ತಿಂಗಳ ಸುಮಾರಿಗೆ ತಾವೇ ಮರಿ ಹಾಕುವಷ್ಟು ಬೆಳೆಯುತ್ತವೆ. ಮನೆಯಲ್ಲಿ ಹತ್ತು ಇಲಿಗಳಿದ್ದು ಎಂಟನ್ನು ಕೊಂದಿರೆನ್ನಿ. ಉಳಿದ ಎರಡಕ್ಕೆ ಹತ್ತರ ಆಹಾರ, ಹತ್ತರ ಬಿಲ ದೊರೆತಂತಾಯಿತು. ಅವು ಬೇಗ ಹೆಚ್ಚುತ್ತವೆ; ಸಾಲದ್ದಕ್ಕೆ ಪಕ್ಕದ ಮನೆಯವೂ ಬಂದು ಸೇರುತ್ತವೆ. ಮನೆಯಲ್ಲಿ ಎಷ್ಟು ಇಲಿ ಇರಬೇಕೆಂಬುದನ್ನು ನಿರ್ಧರಿಸುವುದು ನಾವು ಕೊಂದ ಲೆಕ್ಕವಲ್ಲ, ನಾವು ತೆರೆದಿಟ್ಟ ಕಾಳಿನ ಲೆಕ್ಕ.

ವಿಷದ ಗುಣವನ್ನೂ ತಿಳಿಯಬೇಕು. ಜಿಂಕ್ ಫಾಸ್ಫೈಡ್ ಬೆರೆಸಿದ ತಿಂಡಿಯನ್ನು ಇಲಿ ಮೊದಲು ಸ್ವಲ್ಪವೇ ಕಡಿದು ನೋಡುತ್ತದೆ. ಸಾಯುವಷ್ಟು ಹೊಟ್ಟೆಗೆ ಹೋಗದೆ ಕಾಯಿಲೆ ಬಿದ್ದು ಚೇತರಿಸಿಕೊಂಡರೆ ಆ ತಿಂಡಿಯನ್ನು ವಾರಗಟ್ಟಲೆ ಮೂಸುವುದಿಲ್ಲ. ಬ್ರೋಮೋಡಯೋಲಾನ್ ಜಾತಿಯ ವಿಷಗಳಿಗೆ ಈ ದೋಷವಿಲ್ಲ, ಏಕೆಂದರೆ ಅವು ನಿಧಾನವಾಗಿ ಕೊಲ್ಲುತ್ತವೆ. ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದಿ, ಒಳಗೇ ರಕ್ತ ಸೋರಿ ಮೂರರಿಂದ ಏಳು ದಿನಗಳಲ್ಲಿ, ಕೆಲವೊಮ್ಮೆ ಇನ್ನೂ ತಡವಾಗಿ ಇಲಿ ಸಾಯುತ್ತದೆ. ಆ ದಿನಗಳಲ್ಲಿ ಅದು ನಿತ್ರಾಣವಾಗಿ ಬಯಲಿನಲ್ಲಿ ತೂರಾಡುವುದರಿಂದ ಗೂಬೆಗೆ, ಬೆಕ್ಕಿಗೆ, ಹದ್ದಿಗೆ ಸುಲಭವಾಗಿ ಸಿಗುತ್ತದೆ. ವಿಷ ಇಲಿಯ ಪಿತ್ತಜನಕಾಂಗದಲ್ಲಿ ಉಳಿದಿದ್ದು ತಿಂದ ಪ್ರಾಣಿಯ ಮೈಗೂ ಸೇರುತ್ತದೆ. ಇಲಿಯ ವೈರಿಯನ್ನು ನಾವೇ ಕೊಂದಂತೆ. ಇನ್ನು ಹಳದಿ ರಂಜಕವಿರುವ ಇಲಿ ಪಾಷಾಣದ ಪೇಸ್ಟು ಮನೆಯಲ್ಲಿ ಇರಲೇಬಾರದ ವಸ್ತು. ಮಗುವೊಂದು ಅದನ್ನು ನೆಕ್ಕಿದರೆ ಮೊದಲ ದಿನ ವಾಂತಿಯಾಗಿ ಆಮೇಲೆ ಒಂದೆರಡು ದಿನ ಗುಣವಾದಂತೆಯೇ ಕಾಣುತ್ತದೆ. ಅಷ್ಟರಲ್ಲಿ ಪಿತ್ತಜನಕಾಂಗ ಕೆಟ್ಟಿರುತ್ತದೆ. ಇದಕ್ಕೆ ಪ್ರತಿವಿಷವಿಲ್ಲ.

ಮೊದಲು ಶತ್ರುವನ್ನು ಗುರುತಿಸಿ

ಮನೆಯಲ್ಲಿ ಓಡಾಡುವುದೆಲ್ಲ ಒಂದೇ ಇಲಿಯಲ್ಲ. ಅಟ್ಟ, ತೊಲೆ, ತೆಂಗಿನ ಮರ ಏರುವುದು ಉದ್ದ ಬಾಲದ ಮನೆಯಿಲಿ. ಪೆಟ್ಟಿಗೆ, ಬೀರು, ಬಟ್ಟೆಯ ಗಂಟಿನಲ್ಲಿ ಗೂಡು ಮಾಡುವುದು ಚಿಟ್ಟಿಲಿ. ಕೊಟ್ಟಿಗೆಯ ನೆಲ, ಗೋಡೆಯ ಬುಡ, ಮೋರಿಯ ಪಕ್ಕ ಮಣ್ಣು ತೋಡಿ ಗುಡ್ಡೆ ಹಾಕುವುದು ಹೆಗ್ಗಣ. ಚಿಟ್ಟಿಲಿಯ ಹಿಕ್ಕೆ ಸಾಸಿವೆಗಿಂತ ಸ್ವಲ್ಪ ಉದ್ದ, ಮನೆಯಿಲಿಯದು ಒಂದು ಸೆಂ.ಮೀ.ಗೂ ಸ್ವಲ್ಪ ಹೆಚ್ಚು, ಹೆಗ್ಗಣದ್ದು ಅದಕ್ಕಿಂತ ದಪ್ಪ. ಚೂಪು ಮೂತಿಯ, ಚಿಕ್ ಚಿಕ್ ಎನ್ನುತ್ತ ಗೋಡೆಯಂಚಿನಲ್ಲಿ ಓಡುವ, ಕಟುವಾದ ವಾಸನೆಯ ಮೂಗಿಲಿ ಇಲಿಯೇ ಅಲ್ಲ. ಅದರ ಮುಖ್ಯ ಆಹಾರ ಜಿರಲೆ, ಹುಳುಹುಪ್ಪಟೆ. ವಾಸನೆಯನ್ನು ಸಹಿಸಿಕೊಳ್ಳುವವರು ಅದನ್ನು ಅದರ ಪಾಡಿಗೆ ಬಿಡುವುದೇ ಲಾಭ. ಬೋನಿಗೆ ಬಿದ್ದರೆ ಹಿತ್ತಿಲಿಗೆ ಬಿಟ್ಟುಬಿಡಿ.

ಇಲಿಯ ದಾರಿ ಕಂಡುಹಿಡಿಯಲು ಬೇರೆ ಸಲಕರಣೆ ಬೇಡ, ರಂಗೋಲಿ ಪುಡಿ ಸಾಕು. ರಾತ್ರಿ ಮಲಗುವ ಮುನ್ನ ಗೋಡೆಯ ಬುಡ, ಬಾಗಿಲ ಸಂದು, ಅಟ್ಟದ ಮೆಟ್ಟಿಲುಗಳ ಮೇಲೆ ತೆಳ್ಳಗೆ ಉದುರಿಸಿ. ಬೆಳಿಗ್ಗೆ ಹೆಜ್ಜೆಯ ಗುರುತು, ನಡುವೆ ಬಾಲ ಎಳೆದ ಗೆರೆ ಕಾಣುತ್ತದೆ. ಇಲಿ ಬಯಲಲ್ಲಿ ಓಡುವುದಿಲ್ಲ, ಮೀಸೆಗೆ ಗೋಡೆ ತಾಗಿಸಿಕೊಂಡು ದಿನವೂ ಅದೇ ದಾರಿಯಲ್ಲಿ ಓಡುತ್ತದೆ. ಮೈಯ ಜಿಡ್ಡು ಉಜ್ಜಿ ತೊಲೆಯ ಮೇಲೆ ಕಪ್ಪು ಪಟ್ಟೆ ಬಿದ್ದಿರುತ್ತದೆ. ಬಿಲಗಳ ಬಾಯಿಗೆ ಸಂಜೆ ಹಸಿಮಣ್ಣು ಮೆತ್ತಿ. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಮಾತ್ರ ಇಲಿ ಇದೆ. ಎರಡು ಮೂರು ದಿನ ಹೀಗೆ ನೋಡಿದರೆ ನಿಮ್ಮ ಮನೆಯ ಇಲಿಗಳ ನಕ್ಷೆಯೇ ದೊರೆಯುತ್ತದೆ.

ಬಾಗಿಲು ಹಾಕುವುದು

ಬೆಳೆದ ಇಲಿ 2 ಸೆಂ.ಮೀ. ರಂಧ್ರದಲ್ಲಿ ನುಸುಳಬಲ್ಲುದು. ಚಿಟ್ಟಿಲಿಗೆ ಪೆನ್ಸಿಲ್ ತೂರುವಷ್ಟು ಸಂದು ಸಾಕು. ಆದುದರಿಂದ ಕಿಟಕಿ, ಗಾಳಿಗಂಡಿ, ಮೋರಿಯ ಬಾಯಿಗಳಿಗೆ ಕಾಲಂಗುಲ, ಎಂದರೆ 6 ಮಿ.ಮೀ. ಕಣ್ಣಿನ ತಂತಿಬಲೆ ಹೊಡೆಯಬೇಕು. ಬಾಗಿಲಿನ ಕೆಳ ಅಂಚಿಗೆ 15 ರಿಂದ 20 ಸೆಂ.ಮೀ. ಅಗಲದ ತಗಡನ್ನು ಎರಡೂ ಕಡೆ ಬಡಿದು, ಹೊಸಿಲಿಗೂ ಬಾಗಿಲಿಗೂ ನಡುವೆ ಬೆರಳು ತೂರದಂತೆ ಮಾಡಬೇಕು. ನೆಲದ ಬಿಲಗಳಿಗೆ ಬರಿಯ ಮಣ್ಣು ತುಂಬಿದರೆ ಒಂದೇ ರಾತ್ರಿಯಲ್ಲಿ ತೋಡುತ್ತವೆ. ಜಲ್ಲಿಕಲ್ಲು, ಒಡೆದ ಗಾಜು ಬೆರೆಸಿದ ಸಿಮೆಂಟು ಗಾರೆ ತುಂಬಬೇಕು. ಪೈಪಿನ ಸುತ್ತಲಿನ ಸಂದಿಗೆ ಪಾತ್ರೆ ಉಜ್ಜುವ ಉಕ್ಕಿನ ನಾರನ್ನು ಬಿಗಿಯಾಗಿ ತುರುಕಿ ಮೇಲೆ ಗಾರೆ ಬಳಿಯಬಹುದು. ಮಾಡಿಗೆ ತಾಗುವ ಮರದ ಕೊಂಬೆಗಳನ್ನು ಒಂದು ಮೀಟರಿನಷ್ಟಾದರೂ ಹಿಂದಕ್ಕೆ ಸವರಿಸಿ. ಮನೆಗೆ ಒರಗಿದ ತೆಂಗಿನ ಮರವಿದ್ದರೆ ನೆಲದಿಂದ ಆಳೆತ್ತರದ ಮೇಲೆ ಒಂದಡಿ ಅಗಲದ ನಯವಾದ ತಗಡಿನ ಪಟ್ಟಿ ಸುತ್ತಿದರೆ ಉಗುರು ಹಿಡಿಯದೆ ಇಲಿ ಜಾರುತ್ತದೆ.

ಇಲ್ಲಿ ಒಂದು ಮಾತು. ಒಳಗೆ ಮರಿಗಳಿರುವ ಗೂಡಿನ ಬಾಯಿ ಮುಚ್ಚಿಬಿಟ್ಟರೆ ಅವು ಹಸಿವಿನಿಂದ ಸತ್ತು ನಾರುತ್ತವೆ, ತಾಯಿ ಗೋಡೆ ಕೊರೆದು ಬೇರೆ ದಾರಿ ಮಾಡುತ್ತದೆ. ಆದುದರಿಂದ ಮೊದಲು ಬೋನಿಟ್ಟು ಒಳಗಿರುವುದನ್ನು ಹಿಡಿದು, ರಂಗೋಲಿ ಪುಡಿಯಲ್ಲಿ ಮೂರು ರಾತ್ರಿ ಹೆಜ್ಜೆ ಬೀಳದಿದ್ದ ಮೇಲೆಯೇ ಕೊನೆಯ ಬಿಲ ಮುಚ್ಚಬೇಕು.

ಆದರೆ ಹೆಂಚಿನ ಮನೆಯಲ್ಲಿ ವಾಸಿಸುವವರು ಇದನ್ನು ಓದಿ ನಗಬಹುದು. ಸಾವಿರ ಹೆಂಚಿನ ಸಂದುಗಳನ್ನು ಮುಚ್ಚುವುದು ಯಾರಿಂದಲೂ ಆಗದು. ಅವರು ಹೇಳುವುದು ಸರಿ. ಅಂಥವರು ಮನೆಗೆ ಬಾಗಿಲು ಹಾಕುವ ಆಸೆ ಬಿಟ್ಟು ಕಾಳಿಗೆ ಬಾಗಿಲು ಹಾಕಬೇಕು. ನಮ್ಮ ಹಿರಿಯರೂ ಮಾಡಿದ್ದು ಇದನ್ನೇ. ಕಣಜ, ವಾಡೆ, ಪಣತಗಳೆಲ್ಲ ಹುಟ್ಟಿದ್ದು ಈ ಉದ್ದೇಶಕ್ಕೆ. ಹಳೆಯ ಮೈಸೂರು ಸೀಮೆಯ ಹಗೇವು ಇವುಗಳಲ್ಲೆಲ್ಲ ಜಾಣತನದ್ದು. ನೆಲದಡಿಯ ಗುಂಡಿಗೆ ಒಣಗಿದ ರಾಗಿ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ, ಕಾಳಿನ ಉಸಿರಾಟದಿಂದಲೇ ಒಳಗಿನ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಬದುಕದು, ಇಲಿ ಹೋಗದು. ಅದೇ ಕಾರಣಕ್ಕೆ ಮನುಷ್ಯನೂ ಬದುಕನು. ಹಗೇವು ತೆರೆದವರು ಸಾಕಷ್ಟು ಹೊತ್ತು ಗಾಳಿಯಾಡಲು ಬಿಟ್ಟು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯುವಂತಿರಲಿಲ್ಲ. ಈಗ ಮಾರುಕಟ್ಟೆಯಲ್ಲಿ ಸಿಗುವ ಗಾಳಿಯಾಡದ ಪದರದ ಚೀಲಗಳು ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ. ಆದರೆ ಇಲಿಯ ಹಲ್ಲಿಗೆ ಅವು ತಡೆಯಲ್ಲ. ತೂತು ಬಿದ್ದರೆ ಗಾಳಿ ಹೊಕ್ಕು ಹುಳುವೂ ಬೀಳುತ್ತದೆ. ಅವನ್ನು ತಗಡಿನ ಪೀಪಾಯಿಯೊಳಗೆ ಇಡಬೇಕು.

ಮುಚ್ಚಳ ಬಿಗಿಯಾದ ತಗಡಿನ ಕಣಜ ಕೊಳ್ಳುವುದು ಒಮ್ಮೆಯ ಖರ್ಚು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಪೂಸಾ ಕಣಜವನ್ನು ಊರಿನ ಗಾರೆಯವರೇ ಕಟ್ಟಬಲ್ಲರು. ಮಣ್ಣಿನ ಇಟ್ಟಿಗೆಯ ಎರಡು ಗೋಡೆಗಳ ನಡುವೆ ಪಾಲಿಥೀನ್ ಹಾಳೆ ಕೂರಿಸುವುದರಿಂದ ತೇವ ಒಳಗೆ ಬಾರದು. ಬುಡಕ್ಕೆ ಮತ್ತು ಹೊರಗೋಡೆಯ ಕೆಳಭಾಗಕ್ಕೆ ಸುಟ್ಟ ಇಟ್ಟಿಗೆ ಹಾಕಿದರೆ ಇಲಿ ಕೊರೆಯಲಾರದು. ಗೋಣಿಚೀಲದಲ್ಲೇ ಇಡಬೇಕಾದವರು ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ದೂರ ಇಡಬೇಕು. ಬೆಕ್ಕು ಹಿಂದೆ ಮುಂದೆ ಓಡಾಡಲು ಎಡೆಯಿದ್ದರೆ ಇಲಿ ಅಲ್ಲಿ ಗೂಡು ಕಟ್ಟುವುದಿಲ್ಲ.

ಕಾಳನ್ನು ಭದ್ರಪಡಿಸಿದ ಮೇಲೂ ಇಲಿ ಕಡಿಮೆಯಾಗಲಿಲ್ಲವೆಂದು ಅನೇಕರು ಹೇಳುವುದುಂಟು. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ತಗಡಿನ ಕಣಜ ತಂದು ಎರಡು ತಿಂಗಳಾದರೂ ಇಲಿ ಹೋಗಲಿಲ್ಲ. ಕೊನೆಗೆ ರಂಗೋಲಿ ಪುಡಿಯ ಹೆಜ್ಜೆ ಹಿಡಿದು ಹೊರಟರೆ ದಾರಿ ಕೊಟ್ಟಿಗೆಗೆ ಹೋಯಿತು. ಗೋದಲಿಯಲ್ಲಿ ರಾತ್ರಿ ಉಳಿಯುವ ಬೂಸಾ, ಮೂಲೆಯಲ್ಲಿ ಬಾಯಿ ಬಿಟ್ಟುಕೊಂಡಿದ್ದ ಹಿಂಡಿ ಚೀಲ, ನಾಯಿಗೆ ಹಾಕಿ ಮಿಕ್ಕ ಅನ್ನ: ಇಲಿಗಳ ಊಟ ಅಲ್ಲಿ ನಡೆಯುತ್ತಿತ್ತು, ಅಟ್ಟಕ್ಕೆ ಅವು ಮಲಗಲು ಮಾತ್ರ ಬರುತ್ತಿದ್ದವು. ಹಿಂಡಿಯನ್ನು ಡ್ರಮ್ಮಿಗೆ ಹಾಕಿ, ಗೋದಲಿಯನ್ನು ಸಂಜೆಯೇ ಗುಡಿಸತೊಡಗಿದ ಒಂದು ತಿಂಗಳಲ್ಲಿ ವ್ಯತ್ಯಾಸ ಕಂಡಿತು. ಕೋಳಿ ಸಾಕುವವರು ಕೋಳಿಯ ಆಹಾರದ ತೊಟ್ಟಿಯನ್ನು ಹೀಗೆಯೇ ನೋಡಿಕೊಳ್ಳಬೇಕು. ಸಾಬೂನು, ದೀಪದ ಎಣ್ಣೆಬತ್ತಿ ಕೂಡ ಇಲಿಗೆ ಆಹಾರವೇ. ಉರಿಯುವ ಬತ್ತಿಯನ್ನು ಎಳೆದೊಯ್ದು ಬೆಂಕಿ ತಗುಲಿಸುವುದೂ ಉಂಟು. ದೇವರ ದೀಪ ಆರಿದ ಮೇಲೆಯೇ ಮಲಗುವುದು ಕ್ಷೇಮ. ಹುಲ್ಲಿನ ಬಣವೆ ಮತ್ತು ಸೌದೆಯ ಒಟ್ಟಿಲು ಮನೆಯ ಗೋಡೆಗೆ ತಾಗಿರಬಾರದು. ಕಲ್ಲಿನ ಕಾಲುಗಳ ಮೇಲೆ ಅಟ್ಟಣೆ ಮಾಡಿ ಬಣವೆ ಹಾಕಿದರೆ ಅಡಿಯಲ್ಲಿ ಬೆಳಕು ಹರಿದು ಇಲಿ, ಹಾವು ಎರಡಕ್ಕೂ ಮರೆ ತಪ್ಪುತ್ತದೆ.

ಹಿಡಿಯುವುದರಲ್ಲೂ ಕರುಣೆ ಇರಲಿ

ಬೋನು ಇಟ್ಟ ಮೊದಲ ರಾತ್ರಿಯೇ ಇಲಿ ಬೀಳಲಿಲ್ಲವೆಂದು ಬೇಸರಪಡಬೇಡಿ. ಮನೆಯಿಲಿ ಹೊಸ ವಸ್ತುವನ್ನು ಕಂಡರೆ ಹೆದರುತ್ತದೆ. ಎರಡು ಮೂರು ದಿನ ಬಾಗಿಲು ಬೀಳದಂತೆ ಕಟ್ಟಿ, ಒಳಗೆ ತಿಂಡಿಯಿಟ್ಟು ಸುಮ್ಮನಿರಿ. ತಿಂದು ಅಭ್ಯಾಸವಾದ ಮೇಲೆ ಬೋನು ಹೂಡಿ. ಸುಟ್ಟ ಒಣಕೊಬ್ಬರಿ, ಹುರಿದ ಕಡಲೆಕಾಯಿ, ಈರುಳ್ಳಿ ಬೋಂಡ ಒಳ್ಳೆಯ ಆಕರ್ಷಣೆಗಳು. ಬೋನನ್ನು ಕೋಣೆಯ ನಡುವೆ ಇಡದೆ ಇಲಿಯ ದಾರಿಯಲ್ಲಿ, ಗೋಡೆಗೆ ಒತ್ತಿ ಇಡಬೇಕು. ಒಂದೆರಡಲ್ಲ, ನಾಲ್ಕಾರು ಬೋನುಗಳನ್ನು ಒಟ್ಟಿಗೆ ಇಟ್ಟರೆ ಮೊದಲ ರಾತ್ರಿಗಳಲ್ಲೇ ಹೆಚ್ಚು ಸಿಗುತ್ತವೆ.

ಸಿಕ್ಕಿದ ಇಲಿಯನ್ನು ಏನು ಮಾಡುವುದು? ಸೀಮೆಎಣ್ಣೆ ಸುರಿದು ಬೆಂಕಿಯಿಡುವವರನ್ನು, ಬೋನಿನಲ್ಲೇ ಬಿಸಿಲಿಗಿಟ್ಟು ಮರೆಯುವವರನ್ನು ನೋಡಿದ್ದೇವೆ. ಬಕೆಟ್ಟಿನ ನೀರಿನಲ್ಲಿ ಮುಳುಗಿಸುವುದು ಎಲ್ಲ ಕಡೆಯೂ ರೂಢಿ. ಇಲಿ ಒಳ್ಳೆಯ ಈಜುಗಾರ. ನೀರಿನಲ್ಲಿ ಪ್ರಾಣ ಹೋಗಲು ನಿಮಿಷಗಳೇ ಹಿಡಿಯುತ್ತವೆ. ನಮ್ಮ ಕಾಳು ತಿಂದ ಅಪರಾಧಕ್ಕೆ ಈ ಶಿಕ್ಷೆ ಬೇಕಿಲ್ಲ. ಪಕ್ಕದ ಊರಿನ ಹೊಲಕ್ಕೆ ಬಿಟ್ಟು ಬರುವುದು ದಯೆಯಂತೆ ಕಾಣುತ್ತದೆ; ಆದರೆ ಹತ್ತಿರ ಬಿಟ್ಟರೆ ಹಿಂದಿರುಗುತ್ತದೆ, ದೂರ ಬಿಟ್ಟರೆ ಗುರುತಿಲ್ಲದ ಜಾಗದಲ್ಲಿ ಬಹುತೇಕ ಸಾಯುತ್ತದೆ, ಬದುಕಿದರೆ ಇನ್ನೊಬ್ಬ ರೈತನ ತಲೆನೋವು. ಕೊಲ್ಲಲೇಬೇಕಾದಲ್ಲಿ ಕ್ಷಣದಲ್ಲಿ ಕೊಲ್ಲುವುದೇ ಕರುಣೆ. ಬಲವಾದ ಸ್ಪ್ರಿಂಗಿನ ಇಲಿಕತ್ತರಿ ಕುತ್ತಿಗೆಗೆ ಬಿದ್ದು ತಕ್ಷಣ ಪ್ರಾಣ ತೆಗೆಯುತ್ತದೆ. ಕತ್ತರಿಯ ತಿಂಡಿಯಿಡುವ ತುದಿ ಗೋಡೆಯ ಕಡೆಗಿರುವಂತೆ ಅಡ್ಡಲಾಗಿ ಇಡಬೇಕು. ಸ್ಪ್ರಿಂಗು ಸಡಿಲವಾದ ಹಳೆಯ ಕತ್ತರಿ ಕಾಲು ಮುರಿದು ಬಿಡುತ್ತದೆ, ಅದನ್ನು ಎಸೆಯಿರಿ. ಮಕ್ಕಳು, ಕೋಳಿ, ಬೆಕ್ಕು ಓಡಾಡುವ ಕಡೆ ಕತ್ತರಿಯನ್ನು ತೂತಿರುವ ಪೆಟ್ಟಿಗೆಯೊಳಗೆ ಇಡಬೇಕು. ಬೋನಿನಲ್ಲಿ ಸಿಕ್ಕಿದ್ದನ್ನು ಗೋಣಿಚೀಲಕ್ಕೆ ಇಳಿಸಿ, ಮೂಲೆಗೆ ಸರಿಸಿ, ತಲೆಗೆ ಒಂದೇ ಬಲವಾದ ಪೆಟ್ಟು ಹಾಕುವುದು ನೋಡಲು ಕಠಿಣ. ಮುಳುಗಿಸುವುದಕ್ಕಿಂತ ಅದೇ ಕಡಿಮೆ ಹಿಂಸೆ.

ಅಂಟಿನ ಹಾಳೆಗಳನ್ನು ಮಾತ್ರ ಕೊಳ್ಳಲೇಬೇಡಿ. ಅದರಲ್ಲಿ ಸಿಕ್ಕಿದ ಇಲಿ ಹಸಿವು ಬಾಯಾರಿಕೆಗಳಿಂದ ಒಂದೆರಡು ದಿನ ಒದ್ದಾಡಿ, ತನ್ನ ಕಾಲನ್ನೇ ಕಡಿದುಕೊಂಡು ಸಾಯುತ್ತದೆ. ಹಲ್ಲಿ, ಗುಬ್ಬಿ, ಓತಿಕ್ಯಾತಗಳೂ ಅಂಟಿಕೊಳ್ಳುತ್ತವೆ. ಹಾಗೆ ಅಂಟಿಕೊಂಡ ಜೀವವನ್ನು ಎಳೆದರೆ ಚರ್ಮ ಕಿತ್ತುಬರುತ್ತದೆ. ಅಡುಗೆ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು ಮೆಲ್ಲಗೆ ಬಿಡಿಸಬೇಕು. ಕಿವಿಗೆ ಕೇಳಿಸದ ಸದ್ದು ಮಾಡಿ ಇಲಿ ಓಡಿಸುವುದೆಂದು ಮಾರುವ ವಿದ್ಯುತ್ ಪೆಟ್ಟಿಗೆಗಳಿಗೂ ಹಣ ಹಾಕಬೇಕಿಲ್ಲ. ಕೆಲವೇ ದಿನಗಳಲ್ಲಿ ಇಲಿಗೆ ಅದು ಅಭ್ಯಾಸವಾಗುತ್ತದೆ.

ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಹಿಕ್ಕೆಯನ್ನು ಒಣಗಿದ್ದಂತೆಯೇ ಗುಡಿಸದೆ, ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ ನೆನೆದ ಮೇಲೆ ಒರೆಸಿ ತೆಗೆಯಬೇಕು. ಇಲಿಯ ಮೂತ್ರ ಬಿದ್ದ ಕೆಸರಿನಲ್ಲಿ ಬರಿಗಾಲಿನಲ್ಲಿ ನಡೆದಾಗ ಹಿಮ್ಮಡಿಯ ಬಿರುಕಿನಿಂದ ಇಲಿಜ್ವರದ ರೋಗಾಣು ಮೈ ಸೇರುತ್ತದೆ. ಮಳೆಗಾಲದಲ್ಲಿ ಕೊಟ್ಟಿಗೆಗೆ ಹೋಗುವಾಗ ಬೂಟು ಹಾಕುವುದು ಶೋಕಿಯಲ್ಲ.

ಗೂಬೆ ಮತ್ತು ಹಾವು

ಕನ್ನಡದಲ್ಲಿ ಒಂದು ಗೂಬೆಗೆ ಕಣಜ ಗೂಬೆ ಎಂದೇ ಹೆಸರು. ಬಿಳಿಯ ಮುಖ, ವೀಳ್ಯದೆಲೆಯಾಕಾರ, ಸದ್ದಿಲ್ಲದ ಹಾರಾಟ. ಕಣಜದ ಸುತ್ತ ಅದು ಸುಳಿಯುವುದು ಕಾಳಿಗಲ್ಲ, ಕಾಳಿಗೆ ಬರುವ ಇಲಿಗೆ. ದಿನಕ್ಕೆ ಒಂದೆರಡು ಇಲಿಯಾದರೂ ಬೇಕು; ಮರಿಗಳಿದ್ದಾಗ ಗಂಡು ಹೆಣ್ಣು ಎರಡೂ ರಾತ್ರಿಯೆಲ್ಲ ಬೇಟೆಯಾಡುತ್ತವೆ. ಇಲಿಯನ್ನು ಇಡಿಯಾಗಿ ನುಂಗಿ, ಜೀರ್ಣವಾಗದ ಮೂಳೆ ಕೂದಲುಗಳನ್ನು ಉಂಡೆ ಮಾಡಿ ಉಗುಳುತ್ತದೆ. ಮರದಡಿಯಲ್ಲಿ ಅಂಥ ಉಂಡೆ ಸಿಕ್ಕರೆ ಮಕ್ಕಳೆದುರು ನೀರಿನಲ್ಲಿ ಬಿಡಿಸಿ ನೋಡಿ. ಎಷ್ಟು ತಲೆಬುರುಡೆಗಳಿವೆಯೆಂದು ಎಣಿಸಿದರೆ ಗೂಬೆಯ ಕೂಲಿ ಲೆಕ್ಕ ತಿಳಿಯುತ್ತದೆ. ಗೂಬೆ ಕೂತ ಮನೆ ಹಾಳೆಂದು ಕಲ್ಲು ಹೊಡೆಯುವವರು ಈ ಲೆಕ್ಕವನ್ನು ಎಂದೂ ಮಾಡಿರಲಾರರು. ಹಳೆಯ ಪೊಟರೆಯ ಮರಗಳನ್ನು ಕಡಿದ ಮೇಲೆ ಅದಕ್ಕೆ ನೆಲೆಯಿಲ್ಲ. ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಮರದ ಪೆಟ್ಟಿಗೆಗೆ ಗೇಣಗಲದ ಬಾಯಿ ಮಾಡಿ, ಕೊಟ್ಟಿಗೆಯ ತೊಲೆಗೋ ಮರಕ್ಕೋ 12 ರಿಂದ 15 ಅಡಿ ಎತ್ತರದಲ್ಲಿ ಮಳೆ ಬೀಳದಂತೆ ಕಟ್ಟಬಹುದು. ಬರಲು ತಿಂಗಳುಗಳು ಹಿಡಿಯಬಹುದು, ಬಾರದೆಯೂ ಇರಬಹುದು. ಅದರ ಸುತ್ತ ವಿಷದ ಬಿಲ್ಲೆ ಮಾತ್ರ ಇರಬಾರದು.

ಇಲಿಯ ಹಿಂದೆ ಹಾವೂ ಬರುತ್ತದೆ. ಕೇರೆಹಾವು ವಿಷವಿಲ್ಲದ್ದು, ಅದು ರೈತನ ಸಂಬಳವಿಲ್ಲದ ಆಳು. ನಾಗರ, ಕಟ್ಟುಹಾವು, ಕೊಳಕುಮಂಡಲಗಳ ವಿಷಯ ಬೇರೆ. 2000 ದಿಂದ 2019 ರವರೆಗಿನ 20 ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿದು ಸತ್ತರೆಂದು 2020 ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರ 2024 ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಇಷ್ಟಾದರೂ ಕಂಡ ಹಾವನ್ನೆಲ್ಲ ಬಡಿಯುವುದು ಪರಿಹಾರವಲ್ಲ. ಹೊಡೆಯಲು ಹೋದಾಗಲೇ ಎಷ್ಟೋ ಜನ ಕಡಿಸಿಕೊಳ್ಳುತ್ತಾರೆ. 1972 ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದನ್ನು ತಡೆಯುತ್ತದೆ. ಮನೆಯಲ್ಲಿ ಇಲಿ ಇಲ್ಲದಿದ್ದರೆ ಹಾವಿಗೆ ಅಲ್ಲಿ ಕೆಲಸವಿಲ್ಲ. ಬಂದ ಹಾವನ್ನು ದೂರದಿಂದ ಕಾಯುತ್ತ, ಬಲ್ಲವರನ್ನೋ ಅರಣ್ಯ ಇಲಾಖೆಯವರನ್ನೋ ಕರೆಸಿ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರ ಹಾಸಿಗೆಗೆ ಬರುತ್ತದೆ, ಕಡಿದದ್ದು ನೋವಾಗದೆ ಗೊತ್ತೇ ಆಗದಿರಬಹುದು. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸುತ್ತಲೂ ಸಿಕ್ಕಿಸಿ ಮಲಗಿದರೆ ಸೊಳ್ಳೆಗೂ ಹಾವಿಗೂ ಒಂದೇ ತಡೆ. ಕಡಿದರೆ ಕುಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಡಿದ ಅಂಗವನ್ನು ಅಲುಗಿಸದೆ ನೇರವಾಗಿ ಪ್ರತಿವಿಷವಿರುವ ಆಸ್ಪತ್ರೆಗೆ ಸಾಗಿಸಿ.

ಕಾಳಿನ ಚೀಲದಲ್ಲಿ ಮಾತ್ರೆ

ಇಲಿಯ ವಿಷಕ್ಕಿಂತ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡುವುದು ಇನ್ನೊಂದು. ಕಾಳಿಗೆ ಹುಳು ಬೀಳದಂತೆ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಚೀಲಕ್ಕೆ ಹಾಕಿ, ಆ ಚೀಲವನ್ನು ಮಲಗುವ ಕೋಣೆಯಲ್ಲೇ ಇಡುವ ಮನೆಗಳಿವೆ. ಗಾಳಿಯ ತೇವ ತಾಗಿದೊಡನೆ ಮಾತ್ರೆ ಫಾಸ್ಫೀನ್ ಅನಿಲ ಬಿಡತೊಡಗುತ್ತದೆ. ಅದು ಗೋಡೆಯ ಬಿರುಕು, ಬಾಗಿಲ ಸಂದುಗಳಲ್ಲಿ ಪಕ್ಕದ ಕೋಣೆಗೂ ಹರಿಯುತ್ತದೆ. ಮಲಗಿದ್ದವರು ಹೊಟ್ಟೆನೋವು, ವಾಂತಿ ಎಂದೆದ್ದು, ಊಟ ಕೆಟ್ಟಿತ್ತೆಂದುಕೊಂಡು ಮತ್ತೆ ಮಲಗಿ ಬೆಳಗಾಗುವಷ್ಟರಲ್ಲಿ ಸಾಯಬಹುದು. ಚಿಕ್ಕ ಮಕ್ಕಳು ಮೊದಲು. ಇದಕ್ಕೂ ಪ್ರತಿವಿಷವಿಲ್ಲ. ಈ ಮಾತ್ರೆಯ ಬಳಕೆಯನ್ನು ಸರ್ಕಾರ ತರಬೇತಿ ಪಡೆದವರಿಗೆ ಮಾತ್ರ ಸೀಮಿತಗೊಳಿಸಿದೆ; ಅಂಗಡಿಯವರು ಬಿಡಿಯಾಗಿ ಕೊಟ್ಟರೂ ತರಬೇಡಿ. ಈಗಾಗಲೇ ಚೀಲದಲ್ಲಿದ್ದರೆ ಎಲ್ಲರೂ ಹೊರಬಂದು ಕಿಟಕಿ ಬಾಗಿಲು ತೆರೆದಿಡಿ. ನೀರು ಮಾತ್ರ ಸುರಿಯಬಾರದು, ಅನಿಲ ಒಮ್ಮೆಲೇ ಏಳುತ್ತದೆ. ಯಾರಿಗಾದರೂ ವಾಂತಿ, ಎದೆಬಿಗಿತ ಬಂದರೆ ಆಸ್ಪತ್ರೆಯಲ್ಲಿ ಮಾತ್ರೆಯ ವಿಷಯವನ್ನು ಮೊದಲೇ ಹೇಳಿ.

ಮನೆಯ ಮಟ್ಟಿಗೆ ಈ ಮಾತ್ರೆ ಬೇಕೇ ಇಲ್ಲ. ಹಲ್ಲಿನಲ್ಲಿ ಕಡಿದರೆ ಕಟಕ್ ಎಂದು ಒಡೆಯುವಷ್ಟು ಒಣಗಿದ ಕಾಳಿನಲ್ಲಿ ಹುಳು ಸುಲಭವಾಗಿ ಹೆಚ್ಚಲಾರದು. ಬೇಸಿಗೆಯ ಬಿಸಿಲಿನಲ್ಲಿ ಕಪ್ಪು ಹಾಳೆಯ ಮೇಲೆ ಅಡುಗೆಯ ಬೇಳೆಕಾಳನ್ನು ತೆಳ್ಳಗೆ ಹರಡಿ, ಮೇಲೆ ಪಾರದರ್ಶಕ ಪಾಲಿಥೀನ್ ಹೊದಿಸಿ ಅಂಚುಗಳಿಗೆ ಕಲ್ಲು ಹೇರಿದರೆ ಒಳಗಿನ ಶಾಖ 60 ಡಿಗ್ರಿ ಸೆಲ್ಸಿಯಸ್ ಮುಟ್ಟಿ ದುಂಬಿ, ಮೊಟ್ಟೆ, ಮರಿಹುಳು ಎಲ್ಲ ಸಾಯುತ್ತವೆ. ಬಿತ್ತನೆ ಬೀಜಕ್ಕೆ ಇದನ್ನು ಮಾಡಬೇಡಿ. ಹೆಸರು, ಅಲಸಂದೆ, ತೊಗರಿಗೆ ಕಿ.ಗ್ರಾಂ.ಗೆ 5 ಮಿ.ಲೀ.ನಂತೆ, ಎಂದರೆ ಒಂದು ಸಣ್ಣ ಚಮಚ, ಖಾದ್ಯ ಎಣ್ಣೆ ಸವರಿದರೆ ದುಂಬಿ ಇಟ್ಟ ಮೊಟ್ಟೆಗೆ ಉಸಿರು ಸಿಗದು. ಬೇಳೆಗೆ ಹರಳೆಣ್ಣೆ ಸವರುವ, ತೊಗರಿಗೆ ಕೆಮ್ಮಣ್ಣು ಕಟ್ಟುವ ನಮ್ಮ ಹೆಣ್ಣುಮಕ್ಕಳ ಪದ್ಧತಿ ಹಳೆಯದಾದರೂ ವಿಜ್ಞಾನಕ್ಕೆ ಒಪ್ಪಿದ್ದು. ಇಡೀ ಕಾಳಿಗಿಂತ ಬೇಳೆ ಮಾಡಿಟ್ಟರೆ ದುಂಬಿಯ ಕಾಟ ಕಡಿಮೆ.

ಉಳಿದವುಗಳ ಬಗ್ಗೆ

ಡೆಂಗ್ಯೂ ಹರಡುವ ಸೊಳ್ಳೆ ಚರಂಡಿಯಲ್ಲಲ್ಲ, ಮನೆಯ ತಿಳಿನೀರಿನಲ್ಲಿ ಹುಟ್ಟುತ್ತದೆ. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ 7 ರಿಂದ 10 ದಿನ. ಆದ್ದರಿಂದ ವಾರಕ್ಕೊಮ್ಮೆ ತೊಟ್ಟಿ, ಹಂಡೆಗಳನ್ನು ಖಾಲಿ ಮಾಡಿದರೆ ಸರಪಳಿ ತುಂಡಾಗುತ್ತದೆ. ಬರಿದೆ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ತಿಕ್ಕಬೇಕು. ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತದೆ. ಅಡಕೆ ಹಾಳೆ, ತೆಂಗಿನ ಕರಟ, ಹಳೆಯ ಟೈರು, ಕೊಟ್ಟಿಗೆಯ ನೀರಿನ ಬಾನಿ ಇವನ್ನು ಮರೆಯಬಾರದು. ಗಪ್ಪಿ ಮೀನನ್ನು ಹೊರಕ್ಕೆ ಹರಿಯದ ತೊಟ್ಟಿ, ಬಾವಿಗೆ ಮಾತ್ರ ಬಿಡಿ. ಕೆರೆ ಹಳ್ಳಗಳಿಗೆ ಬಿಟ್ಟರೆ ನಾಡಿನ ಮೀನುಗಳಿಗೆ ಕುತ್ತು.

ಗೆದ್ದಲಿನ ಮಣ್ಣಿನ ದಾರಿ ಗೋಡೆಯ ಮೇಲೆ ಕಂಡರೆ ಕೆರೆದು ತೆಗೆದು, ಅದು ಎಲ್ಲಿಂದ ಏಳುತ್ತದೆಂದು ನೋಡಿ. ಬಹುತೇಕ ಅಲ್ಲಿ ನೀರು ಜಿನುಗುತ್ತಿರುತ್ತದೆ ಅಥವಾ ಗೋಡೆಗೆ ಸೌದೆ ಒರಗಿರುತ್ತದೆ. ಜಿರಲೆಗೆ ರಾತ್ರಿ ತೊಳೆಯದೆ ಬಿಟ್ಟ ಎಂಜಲು ಪಾತ್ರೆಯೇ ಆಹ್ವಾನ. ಇರುವೆಯ ಸಾಲನ್ನು ಸಾಬೂನು ನೀರಿನಲ್ಲಿ ಒರೆಸಿದರೆ ಅದರ ವಾಸನೆಯ ದಾರಿ ಅಳಿಯುತ್ತದೆ. ಗೋಡೆಯ ಪೊಟರೆಯಲ್ಲಿ ತುಡುವೆ ಜೇನು ಕೂತರೆ ಹೊಗೆ ಹಾಕಿ ಕೊಲ್ಲದೆ ಜೇನು ಸಾಕುವವರಿಗೆ ಹೇಳಿ ಕಳಿಸಿ, ಪೆಟ್ಟಿಗೆಗೆ ತುಂಬಿಕೊಂಡು ಹೋಗುತ್ತಾರೆ.

ಇಲಿಯ ಕೆಲಸಕ್ಕೆ ತಕ್ಕ ಕಾಲ ಸುಗ್ಗಿಗೆ ಒಂದು ತಿಂಗಳು ಮುಂಚೆ. ಆಗ ಕಣಜ ಬರಿದಾಗಿರುತ್ತದೆ, ಮನೆಯಲ್ಲಿ ಇಲಿಗೆ ತಿನ್ನಲು ಕಡಿಮೆ, ಬೋನಿನ ಕೊಬ್ಬರಿಗೆ ಬೇಗ ಬೀಳುತ್ತವೆ. ಬಿಲ ಮುಚ್ಚುವುದು, ತಗಡು ಬಡಿಯುವುದು, ಕಣಜದ ತೂತು ಬೆಸೆಯುವುದು ಎಲ್ಲ ಆಗಲೇ ಮುಗಿಯಬೇಕು. ನೆರೆಯ ನಾಲ್ಕು ಮನೆಯವರು ಒಂದೇ ವಾರದಲ್ಲಿ ಮಾಡಿದರೆ ಒಂದು ಮನೆಯಲ್ಲಿ ಹೊರಬಿದ್ದ ಇಲಿಗೆ ಪಕ್ಕದ ಮನೆ ಸಿಗುವುದಿಲ್ಲ. ಕೊಯ್ಲಾದ ಮೇಲೆ ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ರಂಗೋಲಿ ಪುಡಿಯನ್ನು ಗೋಡೆಯ ಬುಡದಲ್ಲಿ ಉದುರಿಸಿ ನೋಡುತ್ತಿರಿ.